ಉಕ್ತಲೇಖನ ಬರೆಸಿ ಬಾಗಿಲು ಹಾಕಿದವರು

(ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವನು, ವಕೀಲನಲ್ಲ. ವಿದೇಶದಿಂದ ಬಂದವರನ್ನು ರಾಜಕೀಯ ಕಾರಣಕ್ಕೆ ಬಾಗಿಲಲ್ಲೇ ತಡೆದು ವಾಪಸ್ ಕಳಿಸುವ ವಿಷಯಕ್ಕೆ ನಾನು ಬಂದದ್ದು ಉಕ್ತಲೇಖನದ ದಾರಿಯಿಂದ.

ಉಕ್ತಲೇಖನ ನಿಮಗೆಲ್ಲ ನೆನಪಿರಬೇಕು. ಮೇಷ್ಟ್ರು ಓದುತ್ತಾ ಹೋಗುತ್ತಾರೆ, ಮಕ್ಕಳು ಬರೆಯುತ್ತಾ ಹೋಗುತ್ತಾರೆ. ನಮ್ಮ ಕಡೆ ಮನೆಯಲ್ಲಿ 'ಆಲು' ಅಂತ ಕೇಳಿ ಬೆಳೆದ ಮಗು ಸ್ಲೇಟಿನ ಮೇಲೂ 'ಆಲು' ಅಂತಲೇ ಬರೆಯುತ್ತದೆ. ಪಕ್ಕದಲ್ಲಿ ಕೂತು 'ಹಾಲು' ಅಂತ ತಿದ್ದಬೇಕು. ಒಂದು ಮಗುವನ್ನು ಫೇಲ್ ಮಾಡಲೇಬೇಕು ಅಂತ ಮೇಷ್ಟ್ರು ಮನಸ್ಸು ಮಾಡಿದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಸ್ವಲ್ಪ ಬೇಗ ಓದಿದರಾಯಿತು. ಎರಡು ಮಹಾಪ್ರಾಣ, ಎರಡು ಷಕಾರ ಇರುವ ಪದಗಳನ್ನು ಹುಡುಕಿದರಾಯಿತು. ಕೊನೆಗೆ ಕೈಯಲ್ಲಿ ಒಂದು ಅಂಕ ಇರುತ್ತದೆ, ಹತ್ತಕ್ಕೆ ಎರಡು. ಆ ಅಂಕವನ್ನು ಮಗುವೂ ನಂಬುತ್ತದೆ, ಅಪ್ಪ ಅಮ್ಮನೂ ನಂಬುತ್ತಾರೆ. ಮೇಷ್ಟ್ರ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ.

ಒಂದು ದೇಶ ತನ್ನ ಬಂದರುಗಳಲ್ಲಿ 57 ವರ್ಷ ಇದನ್ನೇ ಮಾಡಿತು. ಅದು ಆಸ್ಟ್ರೇಲಿಯಾ.

1901ರಲ್ಲಿ ಅಲ್ಲಿನ ವಸಾಹತುಗಳು ಸೇರಿ ಒಂದು ಒಕ್ಕೂಟವಾಯಿತು. ಅದೇ ವರ್ಷ ಹೊಸ ಸಂಸತ್ತು ವಲಸೆ ನಿರ್ಬಂಧ ಕಾಯ್ದೆ ಮಾಡಿತು. ಹಡಗಿನಿಂದ ಇಳಿಯಲು ಬಂದವರಿಗೆ ಅಧಿಕಾರಿ ಯಾವುದಾದರೂ ಒಂದು ಯೂರೋಪಿಯನ್ ಭಾಷೆಯಲ್ಲಿ 50 ಪದಗಳ ತುಣುಕನ್ನು ಓದುತ್ತಾನೆ. ಅದನ್ನು ತಪ್ಪಿಲ್ಲದೆ ಬರೆಯಬೇಕು. ಬರೆಯದಿದ್ದರೆ ಒಳಗೆ ಬರುವಂತಿಲ್ಲ. ಭಾಷೆ ಯಾವುದು ಅನ್ನುವುದು ಬಂದವರ ಆಯ್ಕೆಯಲ್ಲ, ಅಧಿಕಾರಿಯ ಆಯ್ಕೆ. ಇಂಗ್ಲಿಷ್ ಚೆನ್ನಾಗಿ ಗೊತ್ತಿರುವವರು ಬಂದರೆ ಫ್ರೆಂಚ್ ಓದಬಹುದು. ಫ್ರೆಂಚ್ ಗೊತ್ತಿದ್ದರೆ ಡಚ್. ಬಿಳಿಯರಲ್ಲದವರನ್ನು ಹೊರಗಿಡುವುದು ಉದ್ದೇಶ. ಆದರೆ ಕಾಯ್ದೆಯ ಆ ಸಾಲಿನಲ್ಲಿ ಬಣ್ಣದ ಮಾತೇ ಇರಲಿಲ್ಲ. 1909ರ ನಂತರ ಈ ಪರೀಕ್ಷೆಯಲ್ಲಿ ಒಬ್ಬರೂ ಪಾಸಾಗಲಿಲ್ಲ.

ಈ ಉಪಾಯ ಆಸ್ಟ್ರೇಲಿಯಾಕ್ಕೆ ಬಂದದ್ದು ದಕ್ಷಿಣ ಆಫ್ರಿಕಾದ ನಟಾಲ್‌ನಿಂದ. ಅಲ್ಲಿ ಅದನ್ನು ತಂದದ್ದು ನಮ್ಮವರನ್ನು ತಡೆಯುವುದಕ್ಕೆ. 1896ರ ಡಿಸೆಂಬರ್‌ನಲ್ಲಿ ಕೋರ್ಲ್ಯಾಂಡ್ ಮತ್ತು ನಾದೇರಿ ಅನ್ನುವ ಎರಡು ಹಡಗುಗಳು ಮುಂಬೈ ಕಡೆಯಿಂದ ಡರ್ಬನ್ ಬಂದರಿಗೆ ಬಂದವು. ಒಂದರಲ್ಲಿ ಗಾಂಧಿ ಇದ್ದರು. ಮೂರು ವಾರಕ್ಕೂ ಜಾಸ್ತಿ ಹಡಗುಗಳನ್ನು ನೀರಿನಲ್ಲೇ ನಿಲ್ಲಿಸಿದರು. ಹೊರಗೆ ಹೇಳಿದ ಕಾರಣ ಪ್ಲೇಗು. ಒಳಗಿನ ಕಾರಣ, ನಟಾಲ್‌ನಲ್ಲಿ ಭಾರತೀಯರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಗಾಂಧಿ ಊರಿಗೆ ಬಂದು ಬರೆದಿದ್ದರು, ಭಾಷಣ ಮಾಡಿದ್ದರು. 1897ರ ಜನವರಿ 13ರಂದು ಇಳಿದಾಗ ಗುಂಪು ಅವರನ್ನು ಕಲ್ಲು ಮೊಟ್ಟೆಗಳಿಂದ ಹೊಡೆಯಿತು. ಪೊಲೀಸ್ ಸೂಪರಿಂಟೆಂಡೆಂಟ್ ಅಲೆಕ್ಸಾಂಡರ್ ಅವರ ಹೆಂಡತಿ ಅದೇ ದಾರಿಯಲ್ಲಿ ಬರುತ್ತಿದ್ದರು. ಆಕೆ ತಮ್ಮ ಛತ್ರಿ ಬಿಚ್ಚಿ ಗುಂಪಿಗೂ ಗಾಂಧಿಗೂ ನಡುವೆ ನಿಂತರು. ಗಾಂಧಿ ಉಳಿದದ್ದು ಆ ಛತ್ರಿಯಿಂದ.

ಅದೇ ವರ್ಷ ನಟಾಲ್ ಹೊಸ ಕಾಯ್ದೆ ಮಾಡಿತು: ಯೂರೋಪಿಯನ್ ಭಾಷೆಯಲ್ಲಿ ಅರ್ಜಿ ಬರೆಯಲು ಬಾರದವರಿಗೆ ಪ್ರವೇಶ ಇಲ್ಲ. ಬ್ರಿಟನ್ನಿನ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್‌ಗೆ ಇದು ಹಿಡಿಸಿತು. ಬಣ್ಣದ ಹೆಸರು ಹೇಳಿದರೆ ಸಾಮ್ರಾಜ್ಯದ ಪ್ರಜೆಗಳಾದ ಭಾರತೀಯರಿಗೆ ನೋವಾಗುತ್ತದೆ. ಭಾಷೆಯ ಹೆಸರು ಹೇಳಿದರೆ ಕೆಲಸವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಬೇರೆ ವಸಾಹತುಗಳಿಗೂ ಅವರು ಇದೇ ಮಾದರಿ ಹಿಡಿಯಲು ಹೇಳಿದರು.

ಬಣ್ಣಕ್ಕೆ ಅಂತ ಮಾಡಿದ ಈ ಬೀಗವನ್ನು ಒಂದು ದಿನ ವಿಚಾರಕ್ಕೂ ಹಾಕಿದರು. ಅದೇ ಇವತ್ತಿನ ಮುಖ್ಯ ಕತೆ.

ಎಗಾನ್ ಎರ್ವಿನ್ ಕಿಶ್ 1885ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವರು. ಯಹೂದಿ ಮನೆತನ, ಬರೆಯುತ್ತಿದ್ದದ್ದು ಜರ್ಮನ್‌ನಲ್ಲಿ, ವೃತ್ತಿ ಪತ್ರಕರ್ತ, ನಂಬಿದ ಪಕ್ಷ ಕಮ್ಯುನಿಸ್ಟ್. 1933ರ ಫೆಬ್ರವರಿಯಲ್ಲಿ ಬರ್ಲಿನ್ನಿನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹಿಟ್ಲರನ ಪೊಲೀಸರು ಹಿಡಿದು ತಂದವರಲ್ಲಿ ಕಿಶ್ ಕೂಡ ಒಬ್ಬರು. ಸ್ಪಾಂಡೌ ಜೈಲಿನಲ್ಲಿ ಇಟ್ಟರು. ಜೆಕ್ ಪ್ರಜೆ ಅನ್ನುವ ಕಾರಣಕ್ಕೆ ಆಮೇಲೆ ಗಡೀಪಾರು ಮಾಡಿದರು. ಜೀವ ಉಳಿಯಿತು. ಜೈಲಿನಲ್ಲಿ ಕಂಡದ್ದನ್ನು ಅವರು ಊರೂರು ಸುತ್ತಿ ಹೇಳತೊಡಗಿದರು.

1934ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಯುದ್ಧ ಮತ್ತು ಫ್ಯಾಸಿಸಂ ವಿರೋಧಿ ಸಮ್ಮೇಳನ ಇತ್ತು. ಅಲ್ಲಿ ಮಾತಾಡಲು ಕಿಶ್‌ಗೆ ಕರೆ ಬಂತು. ಸ್ಟ್ರಾತೇರ್ಡ್ ಅನ್ನುವ ಹಡಗು ಹತ್ತಿದರು. ನವೆಂಬರ್ 6ರಂದು ಫ್ರೀಮ್ಯಾಂಟಲ್ ಬಂದರಿನಲ್ಲಿ ಅಧಿಕಾರಿಗಳು ಹಡಗಿಗೆ ಬಂದು ಹೇಳಿದರು, ನೀವು ಇಳಿಯುವಂತಿಲ್ಲ. ಹಿಂದಿನ ವರ್ಷ ಬ್ರಿಟನ್ ಕೂಡ ಅವರನ್ನು ಒಳಗೆ ಬಿಟ್ಟಿರಲಿಲ್ಲ, ಅದೇ ಆಧಾರ. ಜೋಸೆಫ್ ಲಯನ್ಸ್ ಆಗ ಪ್ರಧಾನಿ. ಸರ್ಕಾರದ ಪರ ಗಟ್ಟಿಯಾಗಿ ನಿಂತವರು ಹೊಸದಾಗಿ ಅಟಾರ್ನಿ ಜನರಲ್, ಅಂದರೆ ಅಲ್ಲಿನ ಕಾನೂನು ಮಂತ್ರಿ ಆಗಿದ್ದ ರಾಬರ್ಟ್ ಮೆಂಜಿಸ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಹಡಗು ಮೆಲ್ಬರ್ನ್‌ಗೆ ಬಂತು. ಕಟ್ಟೆಯ ಮೇಲೆ ಜನ ಕಾದಿದ್ದರು. ಕಿಶ್ ಡೆಕ್ಕಿನ ಮೇಲೆ, ಜನ ಕೆಳಗೆ. ನವೆಂಬರ್ 13ರಂದು ಹಡಗು ಕಟ್ಟೆ ಬಿಟ್ಟು ಸರಿಯಲು ಶುರುವಾದಾಗ 49 ವರ್ಷದ, ಸ್ವಲ್ಪ ದಪ್ಪ ಮೈಯ ಈ ಮನುಷ್ಯ ಡೆಕ್ಕಿನ ಕಂಬಿ ದಾಟಿ ಕೆಳಕ್ಕೆ ಹಾರಿದರು. ಸುಮಾರು 18 ಅಡಿ. ಬಿದ್ದ ರಭಸಕ್ಕೆ ಬಲಗಾಲು ಮುರಿಯಿತು. ಕಟ್ಟೆಯ ಮೇಲೆ ಬಿದ್ದರು ಅಂದರೆ ನೆಲ ಮುಟ್ಟಿದಂತಾಯಿತು, ಇನ್ನು ಕೋರ್ಟಿಗೆ ಹೋಗಬಹುದು ಅಂತ ಅವರ ಲೆಕ್ಕ. ಪೊಲೀಸರು ಅವರನ್ನು ಎತ್ತಿಕೊಂಡು ಹೋಗಿ ಮತ್ತೆ ಹಡಗಿನಲ್ಲಿ ಹಾಕಿದರು. ಮುರಿದ ಕಾಲಿನಲ್ಲೇ ಸಿಡ್ನಿವರೆಗೆ ಪ್ರಯಾಣ.

ಕೆಲವು ವರ್ಷಗಳ ಹಿಂದೆ ಮಗಳನ್ನು ನೋಡಲು ಮೆಲ್ಬರ್ನ್‌ಗೆ ಹೋಗಿದ್ದೆ. ಒಂದು ಮಧ್ಯಾಹ್ನ ಟ್ರಾಮ್ ಹಿಡಿದು ಪೋರ್ಟ್ ಮೆಲ್ಬರ್ನ್‌ಗೆ ಹೋದೆ. ಚಳಿ ಗಾಳಿ. ಹಡಗುಕಟ್ಟೆಯ ಅಂಚಿನಲ್ಲಿ ನಿಂತು ಮೇಲಕ್ಕೆ ನೋಡಿದೆ. 18 ಅಡಿ ಅಂದರೆ ನಮ್ಮೂರಿನ ಮಹಡಿ ಮನೆಯ ತಾರಸಿಯಷ್ಟು ಎತ್ತರ. ಮಾತಾಡಲು ಕರೆದಿದ್ದಾರೆ, ಹೋಗಿ ಮಾತಾಡಬೇಕು ಅನ್ನುವ ಒಂದೇ ಕಾರಣಕ್ಕೆ ಒಬ್ಬ ಮನುಷ್ಯ ಅಷ್ಟು ಎತ್ತರದಿಂದ ಕಲ್ಲು ಮರದ ಮೇಲೆ ಹಾರಿದ. ನನ್ನ ಮೊಣಕಾಲು ಸುಮ್ನೆ ನಿಂತಲ್ಲೇ ನಡುಗಿತು.

ಸಿಡ್ನಿಯಲ್ಲಿ ಪ್ರಕರಣ ಹೈಕೋರ್ಟಿಗೆ ಹೋಯಿತು. ಆಸ್ಟ್ರೇಲಿಯಾದಲ್ಲಿ ಹೈಕೋರ್ಟ್ ಅಂದರೆ ದೇಶದ ಅತಿ ಎತ್ತರದ ಕೋರ್ಟು. ನ್ಯಾಯಮೂರ್ತಿ ಎವಟ್ ಸರ್ಕಾರವನ್ನು ಕೇಳಿದ್ದು ಸರಳವಾದ ಪ್ರಶ್ನೆ. ಈ ಮನುಷ್ಯ ಬೇಡದವರು ಅಂತ ನಿಮಗೆ ಯಾವ ಸರ್ಕಾರ, ಯಾವ ಅಧಿಕೃತ ದಾರಿಯಲ್ಲಿ ತಿಳಿಸಿತು? ಕಾಯ್ದೆ ಅದನ್ನು ಕೇಳುತ್ತಿತ್ತು. ಸರ್ಕಾರದ ಆದೇಶದಲ್ಲಿ ಅದು ಸರಿಯಾಗಿ ಇರಲಿಲ್ಲ. ಕಿಶ್‌ರನ್ನು ಬಿಡಿ ಅಂತ ನವೆಂಬರ್ 16ರಂದು ತೀರ್ಪಾಯಿತು.

ಹಡಗಿನಿಂದ ಇಳಿಸಿದರು. ಇಳಿಸಿದ ಕೂಡಲೇ ಪೊಲೀಸರು ಅವರನ್ನು ಕರೆದುಕೊಂಡು ಹೋಗಿ ಕೂರಿಸಿ, ಉಕ್ತಲೇಖನ ಬರೆಯಿರಿ ಅಂದರು.

ಕಿಶ್‌ಗೆ ಯೂರೋಪಿನ ಹಲವು ಭಾಷೆಗಳು ಬರುತ್ತಿದ್ದವು. ಜರ್ಮನ್, ಜೆಕ್, ಫ್ರೆಂಚ್ ಯಾವುದರಲ್ಲಿ ಕೊಟ್ಟರೂ ಪಾಸಾಗುವ ಭಯ ಪೊಲೀಸರಿಗಿತ್ತು. ಅದಕ್ಕೆ ಅವರು ಆರಿಸಿದ್ದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆ. ಸ್ಕಾಟ್ಲೆಂಡಿನ ಉತ್ತರದಲ್ಲಿ ಬೆಳೆದು ಬಂದ ಒಬ್ಬ ಪೊಲೀಸ್ ಪೇದೆ ಓದಿದ. ಅವನಿಗೇ ಆ ಭಾಷೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ನಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದಿ ಎಲ್ಲ ಬಲ್ಲವರೊಬ್ಬರು ಬೆಂಗಳೂರಿಗೆ ಬಂದಿದ್ದಾರೆ. ಅವರ ಮುಂದೆ ಕಾಗದ ಇಟ್ಟು, ನೀಲಗಿರಿಯ ತೋಡ ಭಾಷೆಯಲ್ಲಿ 50 ಪದ ಬರೆಯಿರಿ ಅಂದ ಹಾಗೆ. ಓದುವವನಿಗೂ ತೋಡ ಅರ್ಧಂಬರ್ಧ ಬರುತ್ತದೆ. ಕಿಶ್ ಫೇಲಾದರು. ಆರು ತಿಂಗಳ ಶಿಕ್ಷೆ ಹಾಕಿದರು.

ಮತ್ತೆ ಹೈಕೋರ್ಟು. 1934ರ ಡಿಸೆಂಬರ್ 19ರಂದು ನಾಲ್ವರು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಕಾಯ್ದೆ ಹೇಳುವ ಅರ್ಥದಲ್ಲಿ ಸ್ಕಾಟಿಷ್ ಗೇಲಿಕ್ ಯೂರೋಪಿಯನ್ ಭಾಷೆ ಅಲ್ಲ, ಆದ್ದರಿಂದ ಪರೀಕ್ಷೆಯೇ ನಡೆದಿಲ್ಲ ಅಂತ ತೀರ್ಪು ಬಂತು. ಕಿಶ್ ಗೆದ್ದರು.

ಈ ತೀರ್ಪಿನ ಬಗ್ಗೆ ನನಗೆ ಸಂತೋಷವೂ ಇದೆ, ಸಂಕಟವೂ ಇದೆ. ಗೇಲಿಕ್ ಆಡುವ ಜನಕ್ಕೆ ಎಷ್ಟು ನೋವಾಗಿರಬೇಕು ಹೇಳಿ. ಅವರ ಅಜ್ಜಿ ಹಾಡಿದ, ಅವರ ಅಮ್ಮ ಬೈದ, ಅವರು ದೇವರಿಗೆ ಕೈಮುಗಿದ ಭಾಷೆ ಯೂರೋಪಿನದೇ ಅಲ್ಲ ಅಂದರೆ? ಸಿಡ್ನಿಯ ಪತ್ರಿಕೆಗೆ ಸಿಟ್ಟಿನ ಪತ್ರಗಳು ಬಂದವು. ಅದೇ ಒಂದು ನ್ಯಾಯಾಂಗ ನಿಂದನೆಯ ಪ್ರಕರಣವೂ ಆಯಿತು. ನನಗೆ ಆ ಪತ್ರ ಬರೆದವರ ಮೇಲೆ ಮರುಕ ಜಾಸ್ತಿ. ಅವರ ಭಾಷೆಯನ್ನು ಅವಮಾನ ಮಾಡಿದ್ದು ಕೋರ್ಟಲ್ಲ. ಒಂದು ಭಾಷೆಯನ್ನು ಯಾರಿಗೂ ಬಾರದ ಭಾಷೆ ಅಂತ ಆರಿಸಿ, ದೊಣ್ಣೆ ಮಾಡಿಕೊಂಡು ಬೀಸಿದ ದಿನವೇ ಅವಮಾನ ಆಗಿತ್ತು. ಕನ್ನಡದವರಾದ ನಮಗೆ ಇದು ಬೇಗ ತಿಳಿಯಬೇಕು.

ಜಾಮೀನಿನ ಮೇಲೆ ಹೊರಗಿದ್ದ ದಿನಗಳಲ್ಲಿ ಕಿಶ್ ಸಿಡ್ನಿಯ ಡೊಮೇನ್ ಮೈದಾನಕ್ಕೆ ಬಂದರು. ಸಾವಿರಾರು ಜನ ಸೇರಿದ್ದರು. ಕಾಲಿಗೆ ಪಟ್ಟಿ. ಹರುಕು ಇಂಗ್ಲಿಷ್. ಅವರು ಶುರು ಮಾಡಿದ್ದು ಹೀಗೆ: ನನ್ನ ಇಂಗ್ಲಿಷ್ ಮುರಿದಿದೆ, ನನ್ನ ಕಾಲು ಮುರಿದಿದೆ, ಆದರೆ ನನ್ನ ಹೃದಯ ಮುರಿದಿಲ್ಲ.

ಜನವರಿಯಲ್ಲಿ ಸರ್ಕಾರ ಮತ್ತೆ ಶಿಕ್ಷೆ ಮಾಡಿಸಿತು. ಕೊನೆಗೆ ಅದಕ್ಕೇ ಸಾಕಾಗಿ ರಾಜಿಗೆ ಬಂತು. ಕಿಶ್ ಅವರ ಖರ್ಚು 450 ಪೌಂಡ್ ಕೊಟ್ಟಿತು. 1935ರ ಮಾರ್ಚ್‌ನಲ್ಲಿ ಅವರು ಹೊರಟರು. ಒಂದು ಸಮ್ಮೇಳನಕ್ಕೆ ಬಂದವರು ನಾಲ್ಕು ತಿಂಗಳು ಇದ್ದು ಊರೂರಲ್ಲಿ ಮಾತಾಡಿ ಹೋದರು.

ಈ ಕತೆಯಲ್ಲಿ ನನಗೆ ಬೇಕಾದವರು ಕಿಶ್ ಒಬ್ಬರೇ ಅಲ್ಲ. ಕಟ್ಟೆಯ ಮೇಲೆ ಕಾದು ನಿಂತಿದ್ದ ಜನ ಇದ್ದಾರಲ್ಲ, ಅವರು ಬೇಕು. ಬಂದವರನ್ನು ತಡೆಯುವ ಬಗ್ಗೆ ಮಾತಾಡುವಾಗ ನಾವು ಯಾವಾಗಲೂ ಬಂದವರ ಹಕ್ಕಿನ ಬಗ್ಗೆ ಮಾತಾಡುತ್ತೇವೆ. ಅವರಿಗೆ ಏನು ಹಕ್ಕು, ನಮ್ಮ ಮನೆ, ನಾವು ಬಿಟ್ಟರೆ ಬರಬೇಕು ಅನ್ನುತ್ತೇವೆ. ಸರಿ. ಆದರೆ ಅವರನ್ನು ಕರೆದವರು ಮನೆಯವರೇ ತಾನೇ? ಮನೆಯ ಒಬ್ಬ ಮಗ ಕರೆದ ಅತಿಥಿಯನ್ನು ಇನ್ನೊಬ್ಬ ಮಗ ಗೇಟಿನಿಂದಲೇ ಕಳಿಸಿದರೆ, ಅದು ಅತಿಥಿಯ ತಕರಾರು ಮಾತ್ರ ಅಲ್ಲ.

ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ 1972ರಲ್ಲಿ ಈ ಪ್ರಶ್ನೆ ನೇರವಾಗಿ ಬಂತು. ಬೆಲ್ಜಿಯಂನ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಅರ್ನೆಸ್ಟ್ ಮ್ಯಾಂಡೆಲ್‌ರನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕರೆದಿತ್ತು. ಹಿಂದೆ ಎರಡು ಸಲ ಅವರು ಅಮೆರಿಕಕ್ಕೆ ಹೋಗಿ ಬಂದಿದ್ದರು. 1969ರಲ್ಲಿ ವೀಸಾ ಕೊಡಲಿಲ್ಲ. ನ್ಯೂಯಾರ್ಕಿನ ಒಂದು ಸಭೆಗೆ ಅವರು ಅಟ್ಲಾಂಟಿಕ್ ಆಚೆಯಿಂದ ಟೆಲಿಫೋನಿನಲ್ಲೇ ಭಾಷಣ ಮಾಡಬೇಕಾಯಿತು. ಅವರನ್ನು ಕರೆದಿದ್ದ ಅಮೆರಿಕದ ಪ್ರಾಧ್ಯಾಪಕರು ಕೋರ್ಟಿಗೆ ಹೋದರು. ಅವರ ವಾದ, ಮ್ಯಾಂಡೆಲ್‌ಗೆ ಬರುವ ಹಕ್ಕು ಇಲ್ಲದೆ ಇರಬಹುದು, ನಮಗೆ ಕೇಳುವ ಹಕ್ಕಿದೆ. ಆರು ನ್ಯಾಯಮೂರ್ತಿಗಳು ಸರ್ಕಾರದ ಪರ, ಮೂವರು ವಿರುದ್ಧ. ಸೋತರು. ಆದರೆ ಕೇಳುವ ಹಕ್ಕು ಇಲ್ಲ ಅಂತ ಬಹುಮತದವರೂ ಹೇಳಲಿಲ್ಲ. ಸರ್ಕಾರ ಮೇಲ್ನೋಟಕ್ಕೆ ಸರಿಯಾದ, ಪ್ರಾಮಾಣಿಕವಾದ ಕಾರಣ ಕೊಟ್ಟರೆ ಸಾಕು, ಅದರ ಹಿಂದೆ ಹೋಗಿ ನಾವು ಹುಡುಕುವುದಿಲ್ಲ ಅಂದರು. ಕಾರಣ ಅನ್ನುವುದೊಂದು ಇರಬೇಕು ಅನ್ನುವುದಾದರೂ ಅಲ್ಲಿ ಉಳಿಯಿತು.

ನಮ್ಮ ಸುಪ್ರೀಂ ಕೋರ್ಟ್ ಕೂಡ 1995ರಲ್ಲಿ, ಕ್ರಿಕೆಟ್ ಪ್ರಸಾರದ ಹಕ್ಕಿನ ಪ್ರಕರಣದಲ್ಲಿ, ವಾಕ್ ಸ್ವಾತಂತ್ರ್ಯದಲ್ಲಿ ಮಾಹಿತಿ ಪಡೆಯುವ ಹಕ್ಕೂ ಸೇರಿದೆ ಅಂತ ಹೇಳಿದೆ. ಇನ್ನೊಂದು ಕಡೆ 1955ರ ಹಾನ್ಸ್ ಮುಲ್ಲರ್ ಪ್ರಕರಣ ಇದೆ. ವಿದೇಶಿಯರನ್ನು ಹೊರಗೆ ಕಳಿಸುವ ಸರ್ಕಾರದ ಅಧಿಕಾರಕ್ಕೆ ಮಿತಿ ಇಲ್ಲ ಅಂತ ಅದೇ ಕೋರ್ಟ್ ಹೇಳಿತ್ತು. ಈ ಎರಡು ತೀರ್ಪುಗಳ ನಡುವೆ ನಾವು ನಿಂತಿದ್ದೇವೆ.

ಈಗ ಬೆಂಗಳೂರಿಗೆ ಬರುತ್ತೇನೆ. 2024ರ ಫೆಬ್ರವರಿ 24 ಮತ್ತು 25ರಂದು ಅರಮನೆ ಮೈದಾನದಲ್ಲಿ ಕರ್ನಾಟಕ ಸರ್ಕಾರ ಸಂವಿಧಾನ ಮತ್ತು ರಾಷ್ಟ್ರೀಯ ಏಕತಾ ಸಮಾವೇಶ ಮಾಡಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಕರೆದಿತ್ತು. ಕಾಶ್ಮೀರಿ ಪಂಡಿತ ಮನೆತನದವರು, ಬ್ರಿಟನ್ನಿನ ಪ್ರಜೆ, ಒಸಿಐ ಕಾರ್ಡ್ ಇದ್ದವರು. ಭಾರತೀಯ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದು ಹೋಗಲು ನಮ್ಮ ಸರ್ಕಾರ ಕೊಡುವ ಕಾರ್ಡ್ ಅದು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದರು. ಊರೊಳಗೆ ಬರಲಿಲ್ಲ. ಒಂದು ದಿನ ಅಲ್ಲೇ ಇಟ್ಟು ಲಂಡನ್ನಿಗೆ ವಾಪಸ್ ಕಳಿಸಿದರು. ದೆಹಲಿಯಿಂದ ಆದೇಶ ಅನ್ನುವುದರ ಹೊರತು ಕಾರಣ ಹೇಳಲಿಲ್ಲ ಅಂತ ಅವರು ಆಮೇಲೆ ಬರೆದರು. ಆಕೆ ದೇಶವಿರೋಧಿ, ಕರೆದದ್ದೇ ತಪ್ಪು ಅಂತ ರಾಜ್ಯದ ಬಿಜೆಪಿ ಹೇಳಿತು. ಯಾರನ್ನು ಒಳಗೆ ಬಿಡಬೇಕು ಅನ್ನುವುದು ಸಾರ್ವಭೌಮ ತೀರ್ಮಾನ ಅಂತ ವಿದೇಶಾಂಗ ಇಲಾಖೆ ಹೇಳಿತು. 2025ರ ಮೇ ತಿಂಗಳಲ್ಲಿ ಅವರ ಒಸಿಐ ಕಾರ್ಡೂ ಹೋಯಿತು.

ಸಾರ್ವಭೌಮ ಅನ್ನುವುದು ದೊಡ್ಡ ಮಾತು. ನಾನು ಅದನ್ನು ಗೌರವಿಸುತ್ತೇನೆ. ಆದರೆ ಅದು ಅಧಿಕಾರ ಯಾರದ್ದು ಅನ್ನುವುದಕ್ಕೆ ಉತ್ತರ. ಕಾರಣ ಏನು ಅನ್ನುವುದಕ್ಕೆ ಉತ್ತರ ಅಲ್ಲ. ಕಾಶ್ಮೀರದ ಬಗ್ಗೆ ಕೌಲ್ ಅವರು ಹೇಳುವ ಎಷ್ಟೋ ಮಾತು ನನಗೆ ಒಪ್ಪಿಗೆ ಆಗದೆ ಇರಬಹುದು. ಒಪ್ಪಿಗೆಯೋ ಅಲ್ಲವೋ ಅಂತ ಹೇಳಲು ಮೊದಲು ನಾನು ಕೇಳಬೇಕು ಅಲ್ವಾ? ಕೇಳಿ, ಎದ್ದು ನಿಂತು, ತಪ್ಪು ಅಂತ ಅವರ ಮುಖದ ಮುಂದೆ ಹೇಳುವ ಅವಕಾಶವೂ ಅವತ್ತು ನಮ್ಮ ಕೈತಪ್ಪಿತು.

ಇದನ್ನು ಒಂದು ಪಕ್ಷದ ಮೇಲಿನ ದೂರು ಅಂತ ತಿಳಿಯಬೇಡಿ. 2011ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಇದ್ದಾಗ ಅಮೆರಿಕದ ರೇಡಿಯೊ ಪತ್ರಕರ್ತ ಡೇವಿಡ್ ಬಾರ್ಸಾಮಿಯನ್‌ರನ್ನು ದೆಹಲಿಯಿಂದಲೇ ವಾಪಸ್ ಕಳಿಸಿದ್ದರು. 2005ರಲ್ಲಿ ಅಮೆರಿಕ ಆಗಿನ ಗುಜರಾತ್ ಮುಖ್ಯಮಂತ್ರಿ ನರೇಂದ್ರ ಮೋದಿ ಅವರಿಗೆ ವೀಸಾ ನಿರಾಕರಿಸಿತು. ಆಗ ಅದನ್ನು ವಿರೋಧಿಸಿ ಸಂಸತ್ತಿನಲ್ಲಿ ಮಾತಾಡಿದವರು ಅವರ ರಾಜಕೀಯ ಎದುರಾಳಿ ಮನಮೋಹನ್ ಸಿಂಗ್. ನನಗೆ ಅದು ಇವತ್ತಿಗೂ ಮೆಚ್ಚುಗೆಯ ವಿಷಯ. ಆದರೆ ಅಲ್ಲಿ ಅಮೆರಿಕ ಯಾವ ಕಾಯ್ದೆಯ ಯಾವ ಸಾಲಿನ ಕೆಳಗೆ ನಿರಾಕರಿಸಿದ್ದೇವೆ ಅಂತ ಹೇಳಿತ್ತು. ಹೇಳಿದ್ದರಿಂದಲೇ ಅದು ತಪ್ಪು ಅಂತ ನಮ್ಮವರು ವಾದ ಮಾಡಲು ಆಯಿತು.

ಈಗ ಯಾರಾದರೂ ಕೇಳಬಹುದು. ಮೇಷ್ಟ್ರೇ, ಮ್ಯಾಂಡೆಲ್ ಕಾಲ ಹೋಯಿತು, ಈಗ ವಿಡಿಯೊ ಇದೆ, ಎಲ್ಲಿಂದ ಬೇಕಾದರೂ ಮಾತಾಡಬಹುದು, ನಷ್ಟ ಏನು ಅಂತ. ಭಾಷಣಕ್ಕೆ ನಷ್ಟ ಕಡಿಮೆ ಇರಬಹುದು. ವಿದ್ಯೆಗೆ ಬಹಳ ಇದೆ. 2022ರ ಮಾರ್ಚ್‌ನಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಫಿಲಿಪ್ಪೊ ಒಸೆಲ್ಲಾ ಅವರನ್ನು ತಿರುವನಂತಪುರದಿಂದ ವಾಪಸ್ ಕಳಿಸಿದರು. ಮೂವತ್ತು ವರ್ಷ ಕೇರಳಕ್ಕೆ ಬಂದು ಹೋಗಿ ಅಲ್ಲಿನ ಸಮಾಜವನ್ನು, ಮೀನುಗಾರರ ಬದುಕನ್ನು ಓದಿದವರು. 2025ರ ಅಕ್ಟೋಬರ್‌ನಲ್ಲಿ ಹಿಂದಿ ಸಾಹಿತ್ಯದ ದೊಡ್ಡ ವಿದ್ವಾಂಸೆ ಫ್ರಾಂಚೆಸ್ಕಾ ಒರ್ಸಿನಿ ಅವರನ್ನು ದೆಹಲಿಯಲ್ಲಿ ತಡೆದರು. ಹಿಂದೆ ವೀಸಾ ಷರತ್ತು ಮುರಿದಿದ್ದರು ಅನ್ನುವ ಮಾತು ಸರ್ಕಾರದ ಮೂಲಗಳಿಂದ ಪತ್ರಿಕೆಗಳಿಗೆ ಬಂತು. ಮೀನುಗಾರರ ದೋಣಿ ದಡಕ್ಕೆ ಬರುವ ಹೊತ್ತನ್ನು, ಹಳೆಯ ಗ್ರಂಥಾಲಯದಲ್ಲಿ ಮುಟ್ಟಿದರೆ ಪುಡಿಯಾಗುವ ಪತ್ರಿಕೆಯ ಪುಟವನ್ನು ವಿಡಿಯೊದಲ್ಲಿ ಓದಲು ಆಗುವುದಿಲ್ಲ.

ಕನ್ನಡಕ್ಕೆ ಇದು ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳನ್ನು ಬಹಳ ಕಾಲ ಬಿಡುತ್ತಿರಲಿಲ್ಲ. ಜನ ಕೆರಳಿದರೆ ವ್ಯಾಪಾರ ಕೆಡುತ್ತದೆ ಅನ್ನುವ ಭಯ. ಅದೂ ರಾಜಕೀಯ ಕಾರಣವೇ. ವಿಲಿಯಂ ಕೇರಿ ಅದಕ್ಕಾಗಿ ಡೇನಿಷರ ಕೈಯಲ್ಲಿದ್ದ ಸೆರಾಂಪುರದಲ್ಲಿ ನೆಲೆಸಿದರು. ಅವರ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದದ್ದು ಅಲ್ಲಿಂದ, ಕನ್ನಡ ನಾಡಿನಿಂದ ಅಷ್ಟು ದೂರದಿಂದ. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದವರಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ತಂದರು, ಕನ್ನಡದ ಮೊದಲ ಪತ್ರಿಕೆ. ಅವರ ಹಿಂದೆ ಕಿಟೆಲ್ ಬಂದರು. 1894ರಲ್ಲಿ ನಿಘಂಟು ಬಂತು. ನನ್ನ ಮೇಜಿನ ಮೇಲೆ ಇವತ್ತೂ ಅದು ಇದೆ, ಬೆನ್ನು ಕಿತ್ತುಹೋಗಿ ಎರಡು ಸಲ ಬೈಂಡ್ ಮಾಡಿಸಿದ್ದೇನೆ. ಅವರು ಬಂದದ್ದು ಮತ ಹರಡಲು. ಅವರ ಎಲ್ಲ ಮಾತನ್ನೂ ನಮ್ಮ ಹಿರಿಯರು ಒಪ್ಪಲಿಲ್ಲ, ವಾದ ಮಾಡಿದರು. ನಿಘಂಟನ್ನು ಮಾತ್ರ ಇಟ್ಟುಕೊಂಡರು. ಮೊದಲ ಮಹಾಯುದ್ಧ ಬಂದಾಗ ಅದೇ ಮಿಷನ್ನಿನ ಜರ್ಮನ್ನರನ್ನು ಶತ್ರು ದೇಶದವರು ಅಂತ ಹಿಡಿದಿಟ್ಟು, ಆಮೇಲೆ ದೇಶದಿಂದ ಹೊರಗೆ ಕಳಿಸಿದರು. ಅವರ ಹೆಂಚಿನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು.

ಹಾಗಾದರೆ ಯಾರು ಬಂದರೂ ಬಿಡಬೇಕಾ? ಬೇಡ. ಗುಂಪುಗಳನ್ನು ಕೆರಳಿಸಿ ಬೆಂಕಿ ಹಚ್ಚುವವರು ಇದ್ದಾರೆ, ಬೇರೆ ದೇಶದ ಗೂಢಚಾರರು ಇದ್ದಾರೆ. ತಡೆಯುವ ಅಧಿಕಾರ ಬೇಕೇ ಬೇಕು. ಹೇಗೆ ತಡೆಯಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2009ರ ಫೆಬ್ರವರಿಯಲ್ಲಿ ಬ್ರಿಟನ್ ನೆದರ್ಲೆಂಡ್ಸ್‌ನ ಸಂಸದ ಗೀರ್ಟ್ ವಿಲ್ಡರ್ಸ್‌ರನ್ನು ಹೀತ್ರೂವಿನಿಂದ ವಾಪಸ್ ಕಳಿಸಿತು. ಮುಸ್ಲಿಮರ ಬಗ್ಗೆ ಆತ ಆಡುವ ಮಾತು ನನಗೆ ಅಸಹ್ಯ. ಆದರೆ ಸರ್ಕಾರ ಕಾರಣ ಬರೆದು ಕೊಟ್ಟಿತ್ತು, ಆತ ಮೇಲ್ಮನವಿ ಹಾಕಿದರು, ಅದೇ ಅಕ್ಟೋಬರ್‌ನಲ್ಲಿ ನ್ಯಾಯಮಂಡಳಿ ಆ ತಡೆಯನ್ನು ತೆಗೆದುಹಾಕಿತು. ನನಗೆ ಇಷ್ಟ ಇಲ್ಲದ ಮನುಷ್ಯನಿಗೂ ಆ ದಾರಿ ಇರಲಿ ಅನ್ನುವುದು ನನ್ನ ಮಾತು.

ನಮ್ಮಲ್ಲಿ 1946ರ ವಿದೇಶಿಯರ ಕಾಯ್ದೆ ಹೋಗಿ, 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ರಾಷ್ಟ್ರೀಯ ಭದ್ರತೆ, ಸಾರ್ವಭೌಮತೆ, ಬೇರೆ ದೇಶಗಳ ಜೊತೆಗಿನ ಸಂಬಂಧ, ಸಾರ್ವಜನಿಕ ಆರೋಗ್ಯ ಅಂತ ತಡೆಯಲು ಕಾರಣಗಳನ್ನು ಹೆಸರಿಸಿದೆ. ಕೌಂಟರಿನಲ್ಲಿ ಕೂತ ಇಮಿಗ್ರೇಷನ್ ಅಧಿಕಾರಿಯ ತೀರ್ಮಾನವೇ ಅಂತಿಮ ಅಂತಲೂ ಹೇಳಿದೆ. ಆ ಅಧಿಕಾರಿಯ ಮೇಲೆ ನನಗೆ ಕೋಪ ಇಲ್ಲ. ರಾತ್ರಿ ಎರಡು ಗಂಟೆಗೆ ಕಂಪ್ಯೂಟರಿನಲ್ಲಿ ಒಂದು ಹೆಸರು ಕೆಂಪಾಗಿ ಬಂದರೆ ಆತ ಏನು ಮಾಡಬೇಕು? ಹೆಸರನ್ನು ಕೆಂಪು ಮಾಡಿದವರು ಬೇರೆ ಎಲ್ಲೋ ಇರುತ್ತಾರೆ. ಕಾರಣ ಹೇಳಬೇಕಾದವರು ಅವರು.

ಇದು ಪ್ರೊಫೆಸರುಗಳ ತಲೆನೋವು, ನಮಗೇನು ಅನ್ನಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಒಸಿಐ ಕಾರ್ಡ್ ಇದೆ. ಮಗ ಅಲ್ಲಿನ ಪ್ರಜೆ, ಅಮ್ಮ ಇಲ್ಲಿ. ಸಂಶೋಧನೆ ಮಾಡಬೇಕಾದರೆ, ಪತ್ರಿಕೆಗೆ ಕೆಲಸ ಮಾಡಬೇಕಾದರೆ ಒಸಿಐ ಇದ್ದವರೂ ಬೇರೆ ಅನುಮತಿ ತೆಗೆದುಕೊಳ್ಳಬೇಕು ಅಂತ 2021ರ ಮಾರ್ಚ್‌ನಲ್ಲಿ ಅಧಿಸೂಚನೆ ಬಂದಿದೆ. ಸ್ವೀಡನ್ನಿನಲ್ಲಿರುವ ಪ್ರಾಧ್ಯಾಪಕ ಅಶೋಕ್ ಸ್ವೈನ್ ಅವರ ಒಸಿಐ ರದ್ದಾದಾಗ ಅವರು ದೆಹಲಿ ಹೈಕೋರ್ಟಿಗೆ ಹೋದರು. ಆ ಆದೇಶದಲ್ಲಿ ಕಾರಣವೇ ಇಲ್ಲ ಅಂತ 2023ರ ಜುಲೈನಲ್ಲಿ ಕೋರ್ಟ್ ಅದನ್ನು ತಳ್ಳಿಹಾಕಿತು. ಸರ್ಕಾರ ಇನ್ನೊಂದು ಆದೇಶ ಮಾಡಿತು. 2025ರ ಮಾರ್ಚ್‌ನಲ್ಲಿ ಅದೂ ಬಿದ್ದುಹೋಯಿತು. ಸಿಡ್ನಿಯಲ್ಲಿ ಎವಟ್ ಕೇಳಿದ ಪ್ರಶ್ನೆಯನ್ನೇ, ಸುಮಾರು 90 ವರ್ಷ ಆದ ಮೇಲೆ, ದೆಹಲಿಯ ಕೋರ್ಟ್ ಕೇಳಿತು.

ನಾನು ಕೇಳುವುದೂ ಅಷ್ಟೇ. ಒಬ್ಬರನ್ನು ವಾಪಸ್ ಕಳಿಸುವಾಗ ಅವರ ಕೈಗೆ ಒಂದು ಹಾಳೆ ಕೊಡಿ. ಯಾವ ಮಾತಿಗೆ, ಯಾವ ಬರಹಕ್ಕೆ, ಯಾವ ಕೆಲಸಕ್ಕೆ ತಡೆದಿದ್ದೇವೆ ಅಂತ ಅದರಲ್ಲಿ ಇರಲಿ. ಅವರನ್ನು ಕರೆದವರಿಗೂ ಒಂದು ಪ್ರತಿ ಕೊಡಿ. ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಲು ದಾರಿ ಇರಲಿ. ಗುಟ್ಟಿನ ವಿಷಯ ಇದ್ದರೆ ನ್ಯಾಯಾಧೀಶರು ಮುಚ್ಚಿದ ಕೋಣೆಯಲ್ಲಿ ನೋಡಲಿ. ಉದ್ದ ಬರೆಯಬೇಕಾಗಿಲ್ಲ, 50 ಪದ ಸಾಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಸರ್, ಅಷ್ಟಕ್ಕೂ ಆ ಕಿಶ್ ಏನು ಹೇಳಬೇಕು ಅಂತ ಅಷ್ಟು ದೂರ ಬಂದಿದ್ದರು?"

ಒಳ್ಳೆಯ ಪ್ರಶ್ನೆ, ಉಪನ್ಯಾಸದಲ್ಲೇ ಹೇಳಬೇಕಿತ್ತು. ಅವರು ಹೇಳಿದ್ದೆಲ್ಲ ಸರಿ ಅಂತ ಅಲ್ಲ. ಅವರು ಕಮ್ಯುನಿಸ್ಟ್ ಪಕ್ಷವನ್ನು ಪೂರ್ತಿ ನಂಬಿದ್ದವರು. ಆದರೆ ಹಿಟ್ಲರನ ಜೈಲನ್ನು ಒಳಗಿನಿಂದ ಕಂಡಿದ್ದರು. ಜರ್ಮನಿಯಲ್ಲಿ ಬರೆಯುವವರಿಗೆ, ಯಹೂದಿಗಳಿಗೆ, ಕಾರ್ಮಿಕ ಸಂಘದವರಿಗೆ ಏನಾಗುತ್ತಿದೆ ಅಂತ ಹೇಳುತ್ತಿದ್ದರು. ಇದು ಯುದ್ಧಕ್ಕೆ ಹೋಗಿ ನಿಲ್ಲುತ್ತದೆ ಅಂತ ಹೇಳುತ್ತಿದ್ದರು. ಅವರು ಆಸ್ಟ್ರೇಲಿಯಾ ಬಿಟ್ಟು ನಾಲ್ಕೂವರೆ ವರ್ಷ ಆಗಿತ್ತು. 1939ರ ಸೆಪ್ಟೆಂಬರ್ 3ರ ರಾತ್ರಿ ಅಲ್ಲಿನ ಜನ ರೇಡಿಯೊ ಮುಂದೆ ಕೂತಿದ್ದರು. ಜರ್ಮನಿಯ ಮೇಲೆ ಬ್ರಿಟನ್ ಯುದ್ಧ ಸಾರಿದೆ, ಆದ್ದರಿಂದ ಆಸ್ಟ್ರೇಲಿಯಾವೂ ಯುದ್ಧದಲ್ಲಿದೆ ಅಂತ ಹೊಸ ಪ್ರಧಾನಿ ಹೇಳಿದರು. ಅವರ ಹೆಸರು ರಾಬರ್ಟ್ ಮೆಂಜಿಸ್.